ಉಜ್ಜಣ್ಣ ಹೇಳಿದ ಎರಡು ಸುಳ್ಳು

ನನ್ನ ಭಾವನಿಗೆ ಉಜ್ಜಣ್ಣ ಎಂದು ಹೆಸರಿಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಅಷ್ಟು ಒಪ್ಪುವ ಹೆಸರನ್ನು ಹೆತ್ತವರೂ ಇಟ್ಟಿರಲಿಲ್ಲ. ಯಾರ ಕಂಪ್ಯೂಟರ್ ಕೈಕೊಟ್ಟರೂ ಭಾವ ಫೋನಿನಲ್ಲಿ ಹೇಳುವ ಮೊದಲ ಮಾತು ಒಂದೇ. “ಕೂಗ್ತಿದೆಯಾ? ಬೀಪ್ ಬೀಪ್ ಅಂತ? ಕೂಗಿದ್ರೆ ಬದುಕಿದೆ ಅಂತ ಅರ್ಥ, ಗಾಬರಿ ಬೇಡ. ಕರೆಂಟಿನ ವೈರ್ ಕಿತ್ತು ಮುಚ್ಚಳ ಬಿಚ್ಚಿ. ಒಳಗೆ ಗೇಣಿಗಿಂತ ಚಿಕ್ಕದೊಂದು ಪಟ್ಟಿ ಇರತ್ತೆ, ಅದೇ ರ್ಯಾಮ್. ಎರಡು ತುದಿಯ ಕೊಕ್ಕೆ ಸರಿಸಿ ಹೊರಗೆ ತೆಗೀರಿ. ಚಿನ್ನದ ಬಣ್ಣದ ಅಂಚು ಇದೆಯಲ್ಲ, ಅದನ್ನ ಪೆನ್ಸಿಲ್ ಅಳಿಸೋ ರಬ್ಬರಲ್ಲಿ ಉಜ್ಜಿ. ವಾಪಸ್ ಕೂರಿಸಿ. ಕಟ್ ಅನ್ನಬೇಕು.” ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತಿತ್ತು. ಸರಿಹೋದ ಮೇಲೆ ಯಾರೂ ತಿರುಗಿ ಫೋನ್ ಮಾಡುತ್ತಿರಲಿಲ್ಲ, ಅದು ಬೇರೆ ಮಾತು.

ಅವರು ಊಟಕ್ಕೆ ಕೂತಾಗಲೇ ಜನಕ್ಕೆ ಪ್ರಶ್ನೆಗಳು ಹುಟ್ಟುತ್ತಿದ್ದವು. ಅವರು ರಿಪೇರಿಗೆ ಇದ್ದ ಕಾರ್ಖಾನೆಯ ಆಫೀಸಿನಲ್ಲೇ ನಾನು ಡಬ್ಬಗಳ ನಕ್ಷೆ ಬಿಡಿಸುವವಳು, ಮಧ್ಯಾಹ್ನ ಅವರ ಎದುರಿಗೇ ಬುತ್ತಿ ಬಿಚ್ಚುತ್ತಿದ್ದೆ. ಹಾಗಾಗಿ ಆ ಪ್ರಶ್ನೆಗಳೆಲ್ಲ ನನಗೂ ಬಾಯಿಪಾಠ. ಕಂಪ್ಯೂಟರ್ ನಿಧಾನ ಆಗಿದೆ, ಹೊಸದೇ ತಗೊಳ್ಳಲಾ ಎಂದು ಒಬ್ಬರು. “ಬೇಡಿ, ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಅದೇ ಮಿಷನ್ನು ಓಡತ್ತೆ. ಅದಕ್ಕೆ ಮುಂಚೆ ಫೋಟೋ ಗೀಟೋ ಎಲ್ಲ ಬೇರೆ ಕಡೆ ಕಾಪಿ ಮಾಡ್ಕೊಳ್ಳಿ, ಆಮೇಲೆ ನನ್ನ ಹತ್ರ ಅಳಬೇಡಿ.” ಅಂಗಡಿಯವನು ಇನ್ನೊಂದು ರ್ಯಾಮ್ ಹಾಕಿಸು ಅಂದ ಎಂದು ಇನ್ನೊಬ್ಬರು. “ಈಗಿರೋದು ತುಂಬ್ತಾ ಇದೆಯಾ ನೋಡಿದ್ರಾ? ಅರ್ಧ ತುಂಬಿದ ಕೊಡದ ಪಕ್ಕ ಇನ್ನೊಂದು ಖಾಲಿ ಕೊಡ ಇಟ್ರೆ ನೀರು ಜಾಸ್ತಿ ಆಗತ್ತಾ?” ಹೊಸ ರ್ಯಾಮ್ ತಂದೆ, ಹಳೇ ಬೋರ್ಡಿಗೆ ಕೂರುತ್ತಿಲ್ಲ, ಜೋರಾಗಿ ಒತ್ತಲಾ ಎಂದು ಮತ್ತೊಬ್ಬ ಮಹಾನುಭಾವ. ಅವನ ಫೋನಿಗೆ ಮಾತ್ರ ಭಾವ ಎದ್ದು ನಿಂತು ಉತ್ತರ ಕೊಟ್ಟಿದ್ದರು. “ಒತ್ತಬೇಡಿ! ಕೈ ತೆಗೀರಿ! ಕಚ್ಚು ಬೇರೆ ಕಡೆ ಇದೆ ಅಂದ್ರೆ ಅದು ಈ ಬೋರ್ಡಿನ ಜಾತೀದೇ ಅಲ್ಲ.” ಇನ್ನು ಧೂಳು ತೆಗೆಯಲು ಬಾಯಲ್ಲಿ ಊದುವವರು ಇದ್ದೇ ಇದ್ದರು. “ಎಂಜಲು ಹಾರತ್ತೆ. ಬ್ಲೋವರ್ ಹಿಡೀರಿ, ಹಿಡಿಯುವಾಗ ಫ್ಯಾನು ತಿರುಗದ ಹಾಗೆ ಬೆರಳು ಕೊಡಿ.” ಅಷ್ಟರಲ್ಲಿ ಅವರ ತಟ್ಟೆಯಲ್ಲಿ ಅನ್ನ ತಣ್ಣಗಾಗಿ ಗಟ್ಟಿಯಾಗಿರುತ್ತಿತ್ತು.

“ಭಾವ, ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಕೇಳಿದ್ದೀರಾ?” ಎಂದು ನಾನು ಚುಚ್ಚುತ್ತಿದ್ದೆ.

“ನಿನ್ನಕ್ಕ ಇಲ್ಲಿದ್ದಾಗ ದಿನಾ ಕೇಳ್ತಿದ್ದೆ ತಾಯಿ,” ಎನ್ನುತ್ತಿದ್ದರು.

ನನ್ನ ಅಕ್ಕ ನರ್ಸು. ಅವಳಿಗೆ ಒಂದು ಹಗಲು ಪೂರ್ತಿ ಬಸ್ಸಿನಲ್ಲಿ ಕೂರಬೇಕಾದಷ್ಟು ದೂರದ ಆಸ್ಪತ್ರೆಗೆ ವರ್ಗವಾಗಿತ್ತು. ಭಾವ ಸ್ವಲ್ಪ ದಿನದಲ್ಲೇ ಬರುತ್ತೇನೆ ಎಂದು ಅವಳ ಪೆಟ್ಟಿಗೆ ಬಸ್ಸಿಗೆ ಹತ್ತಿಸಿದರು. ಆ ‘ಸ್ವಲ್ಪ ದಿನ’ ವರ್ಷಗಳಾಗಿ ಬೆಳೆದದ್ದಕ್ಕೆ ಕಾರಣ ಇನ್ನೊಬ್ಬಳು ಹೆಂಗಸಲ್ಲ. ಒಂದು ಮುದಿ ಕಂಪ್ಯೂಟರ್. ಹೆಂಗಸಾಗಿದ್ದರೆ ನಾನೇ ಜಡೆ ಹಿಡಿದು ತೀರ್ಮಾನ ಮಾಡುತ್ತಿದ್ದೆ.

ನಮ್ಮದು ರಟ್ಟಿನ ಡಬ್ಬ ಮಾಡುವ ಕಾರ್ಖಾನೆ. ತಗಡಿನ ಛಾವಣಿ, ನೆಲದ ತುಂಬ ರಟ್ಟಿನ ಪುಡಿ, ಮೂಗಿನ ತುಂಬ ಅಂಟಿನ ವಾಸನೆ. ನಡುವೆ ಮಂಚದಷ್ಟಗಲದ ಕಟಿಂಗ್ ಮಿಷನ್ನು. ನಾನು ಬಿಡಿಸಿದ ನಕ್ಷೆಯಂತೆ ರಟ್ಟನ್ನು ಅದು ಕತ್ತರಿಸಿದರೆ ಮಾತ್ರ ಮುಂದಿನವರು ಮಡಿಸಿ, ಅಂಟಿಸಿ, ಕಟ್ಟುತ್ತಾರೆ. ಅದು ನಿಂತರೆ ಎಲ್ಲರೂ ಕೈ ಕಟ್ಟಿ ಕೂರಬೇಕು. ಆ ಮಿಷನ್ನಿಗೆ ಅಪ್ಪಣೆ ಕೊಡುವುದು ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಹಳೇ ಕಂಪ್ಯೂಟರು. ಅದರೊಳಗೆ ಆ ಅಪ್ಪಣೆ ದಾಟಿಸಲು ಮಿಷನ್ನಿನ ಜೊತೆಗೇ ಬಂದ ಒಂದು ಉದ್ದನೆಯ ಕಾರ್ಡು. ಆ ಕಾರ್ಡು ಕೂರುವ ಜಾಗ ಈಗಿನ ಯಾವ ಬೋರ್ಡಿನಲ್ಲೂ ಇಲ್ಲ. ಹಾಗಾಗಿ ಕಂಪ್ಯೂಟರನ್ನು ಬದಲಿಸಬೇಕೆಂದರೆ ಮಿಷನ್ನನ್ನೇ ಬದಲಿಸಬೇಕು. “ಮುಂದಿನ ವರ್ಷ ನೋಡೋಣ,” ಎನ್ನುತ್ತಿದ್ದರು ಯಜಮಾನರು. ಮುಂದಿನ ವರ್ಷ ಬಂದಾಗ ಕಂಪ್ಯೂಟರು ಭಾವನ ಕೈಗುಣದಿಂದ ಓಡುತ್ತಲೇ ಇರುತ್ತಿತ್ತು. ಓಡುವುದನ್ನು ಯಾರು ಬದಲಿಸುತ್ತಾರೆ?

ಯಜಮಾನರು ಕೆಟ್ಟವರಾಗಿದ್ದರೆ ಕಥೆ ಸುಲಭವಾಗುತ್ತಿತ್ತು. ಅವರು ಯಾರಿಗೂ ಏರು ದನಿಯಲ್ಲಿ ಮಾತಾಡಿದವರಲ್ಲ. ಭಾವನ ಅಂಗಡಿ ಮುಚ್ಚಿದಾಗ ಮನೆಗೇ ಬಂದು ಕರೆದುಕೊಂಡು ಹೋದವರು. ಭಾವನಿಗೆ ಮೊದಲು ರಿಪೇರಿ ಅಂಗಡಿಗಳ ಬೀದಿಯಲ್ಲಿ ಒಂದು ಕಿಂಡಿಯಷ್ಟಗಲದ ಅಂಗಡಿ ಇತ್ತು. ಆ ಬೀದಿಯ ಉಳಿದವರು ಒಳ್ಳೇ ಭಾಗವನ್ನೂ ಸತ್ತಿದೆ ಎಂದು ಹೇಳಿ ಹೊಸದು ಮಾರುತ್ತಿದ್ದರು. ಭಾವ ಮಾತ್ರ ಜೀವ ಇರುವುದನ್ನು ಸತ್ತಿದೆ ಎಂದು ಒಂದು ದಿನವೂ ಹೇಳಿದವರಲ್ಲ. ಧೂಳು ಕೊಡವಿ, ಉಜ್ಜಿ, ಒಂದು ಸ್ಕ್ರೂ ಬಿಗಿ ಮಾಡಿ “ಏನೂ ಆಗಿಲ್ಲ, ತಗೊಂಡು ಹೋಗಿ” ಎನ್ನುವ ಮನುಷ್ಯನ ಅಂಗಡಿ ಎಷ್ಟು ದಿನ ನಡೆದೀತು? ಅಂಗಡಿ ಹೋಯಿತು, ಆ ಹೆಮ್ಮೆ ಮಾತ್ರ ಉಳಿಯಿತು. ಅವರ ಹತ್ತಿರ ಅದೊಂದೇ ಆಸ್ತಿ.

ಅಕ್ಕ ಹೋದ ಮೇಲೆ ಅವರು ಬಾಡಿಗೆ ಮನೆ ಬಿಟ್ಟು ಕಾರ್ಖಾನೆಯ ಹಿಂದಿನ ಕೋಣೆಗೆ ಬಂದರು. ಒಂದು ಮಂಚ, ಒಂದು ಬಕೆಟ್ಟು, ಒಂದು ಕಿಟಕಿ. ಯಜಮಾನರು ಎಲ್ಲಾದರೂ ಗುಜರಿಯಲ್ಲಿ ಅದೇ ಕಾಲದ ಕಂಪ್ಯೂಟರು ಕಂಡರೆ ಹಿಗ್ಗಿ ಹೀರೇಕಾಯಿಯಾಗಿ ಹೊತ್ತು ತರುತ್ತಿದ್ದರು. “ಉಜ್ಜಣ್ಣ, ನೋಡಿ, ಬಿಡಿಭಾಗಕ್ಕೆ ಆಯ್ತು!” ಅದು ನೇರ ಭಾವನ ಕೋಣೆಗೆ. ಮೊದಲು ಮಂಚದ ಕೆಳಗೆ ತುಂಬಿತು, ಆಮೇಲೆ ಗೋಡೆ ಹಿಡಿದು ಮೇಲೇರಿತು, ಕಡೆಗೆ ಕಿಟಕಿಯ ಅಡ್ಡ ನಿಂತಿತು. ಹಗಲಲ್ಲೂ ದೀಪ ಹಾಕಬೇಕು. ಒಂದು ಸಲ ನಾನು ಬಾಗಿಲಲ್ಲಿ ನಿಂತು, “ಭಾವ, ಕಳ್ಳರಿಗೆ ಜೈಲಲ್ಲಿ ಕಿಟಕಿನಾದ್ರೂ ಇರತ್ತೆ,” ಎಂದೆ. ಅವರು ನಗಲಿಲ್ಲ. ಒಂದು ಹಳೇ ಕಂಪ್ಯೂಟರಿನ ಮೇಲೆ ಕೈಯಿಟ್ಟು, “ಇದೊಂದೊಂದು ಬಂದಾಗ್ಲೂ ನನಗೆ ಇನ್ನೊಂದು ವರ್ಷ ಶಿಕ್ಷೆ ಬಿತ್ತು ಅಂತ ಅನ್ಸತ್ತೆ,” ಎಂದರು.

ಹಾಗಂತ ಸುಮ್ಮನಿದ್ದರೇ? ಇಲ್ಲ. ಬಿಡುಗಡೆ ಕೇಳಲು ಎಷ್ಟೋ ಸಲ ಯಜಮಾನರ ಕೋಣೆಗೆ ಹೋದರು. ಹೋದವರು ಒಂದು ಸಲ ಅವರ ಮಗಳ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಹಾಸಿಗೆಯ ಮೇಲಿಟ್ಟು ಇಟ್ಟು ಗಾಳಿಯ ಕಂಡಿಗೆಲ್ಲ ಹತ್ತಿ ತುಂಬಿತ್ತಂತೆ. ಇನ್ನೊಂದು ಸಲ ಹೋಗಿ ಯುಪಿಎಸ್ಸಿನ ಬ್ಯಾಟರಿ ಬದಲಿಸಿ ಬಂದರು. “ಕೇಳಿದ್ರಾ?” ಎಂದರೆ, “ಬಾಯಿಗೆ ಬಂತು ಕಣಮ್ಮ, ಅಷ್ಟರಲ್ಲಿ ಅವರೇ ಒಂದು ಪ್ರಶ್ನೆ ಕೇಳಿಬಿಟ್ರು,” ಎನ್ನುವುದು. ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡದೆ ಇರುವುದು ಭಾವನಿಗೆ ಬಾರದ ವಿದ್ಯೆ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಹೆಂಡತಿಯೂ ಬೇಕು, ಯಜಮಾನರ ಮುಖ ಬಾಡಲೂ ಬಾರದು.

ಈ ಸಲ ಅಕ್ಕ ಫೋನ್ ಮಾಡಿದ್ದು ಅವರಿಗಲ್ಲ, ನನಗೆ.

“ಕ್ವಾರ್ಟರ್ಸ್ ಸಿಕ್ತು ಕಣೇ. ಎರಡು ಕೋಣೆ, ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸೋಕೆ ಜಾಗ. ಸಂಸಾರ ಇರೋರಿಗೆ ಮಾತ್ರ ಕೊಡೋದು. ಈ ವಾರದೊಳಗೆ ಅವರು ಬಂದು ಇರಬೇಕು. ಇಲ್ಲ ಅಂದ್ರೆ ನಾನು ಹಾಸ್ಟೆಲ್ಲಲ್ಲೇ ಇರೋದು. ಈಗ ತಪ್ಪಿದ್ರೆ ನಾನು ಮತ್ತೆ ಅರ್ಜಿ ಹಾಕೋಳಲ್ಲ. ಅವರನ್ನ ಬನ್ನಿ ಅಂತ ಕರೆಯೋದೂ ಇಲ್ಲ.”

“ಅವರಿಗೇ ಹೇಳಕ್ಕಾ.”

“ಅವರಿಗೆ ಹೇಳಿದ್ರೆ ಬರ್ತೀನಿ ಅಂತಾರೆ. ನನಗೆ ಆ ಮಾತು ಕೇಳಿ ಕೇಳಿ ಸಾಕಾಗಿದೆ. ನೀನು ಹೇಳು.”

ಹೇಳಿದೆ. ಭಾವ ಬಹಳ ಹೊತ್ತು ಬೆರಳ ಸಂದಿಯ ಕಪ್ಪು ಮಸಿಯನ್ನು ಉಜ್ಜುತ್ತ ಕೂತರು. ಆಮೇಲೆ ತಾವೇ ಒಂದು ದಾರಿ ಕಂಡುಹಿಡಿದರು. “ನಾನು ಬಿಟ್ಟು ಹೋಗ್ತೀನಿ ಅನ್ನೋಕೆ ನನ್ನ ಕೈಲಿ ಆಗಲ್ಲ. ಆದ್ರೆ ಇವತ್ತಿಂದ ಅದರ ಮೇಲೆ ಕೈ ಇಡಲ್ಲ. ಧೂಳು ಹೊಡೆಯಲ್ಲ, ಎಣ್ಣೆ ಬಿಡಲ್ಲ. ತಾನಾಗಿ ಸಾಯ್ಲಿ. ಸತ್ತ ಮೇಲೆ ಹೊಸ ಮಿಷನ್ನು ತರಿಸ್ಲೇಬೇಕು. ಹೊಸದಕ್ಕೆ ಕಂಪನಿಯವರೇ ಬಂದು ನೋಡ್ಕೋತಾರೆ.”

ನನಗೆ ಸಂತೋಷವೇ ಆಯಿತು. ಅದು ನಿಂತರೆ ನನ್ನ ಕೆಲಸವೂ ನಿಲ್ಲುತ್ತದೆ ಎಂಬುದು ಹೊಳೆಯಿತು, ಹೊಳೆದರೂ ಸಂತೋಷವೇ ಆಯಿತು.

ಆ ಶಪಥ ಮಾರನೇ ದಿನ ಮಧ್ಯಾಹ್ನದವರೆಗೆ ನಿಂತಿತು. ಪೆಟ್ಟಿಗೆಯ ಫ್ಯಾನು ಕಿರ್ರೋ ಎಂದು ಶುರುಮಾಡಿತು. ಭಾವ ತುತ್ತು ಕೈಯಲ್ಲಿ ಹಿಡಿದುಕೊಂಡೇ ಕಿವಿ ನೆಟ್ಟಗೆ ಮಾಡಿದರು. “ಬೇರಿಂಗು ಒಣಗಿದೆ,” ಎಂದರು. “ಒಣಗ್ಲಿ,” ಎಂದೆ. ಇನ್ನೊಂದು ತುತ್ತು ತಿಂದರು. “ಬಿಸಿ ಜಾಸ್ತಿಯಾದ್ರೆ ಒಳಗಿರೋದೆಲ್ಲ ಒಂದೊಂದೇ ಸುಡತ್ತೆ.” “ಸುಡ್ಲಿ ಬಿಡಿ ಭಾವ, ಅದೇ ತಾನೇ ಬೇಕಾಗಿರೋದು?” ಅವರು ತಲೆಯಾಡಿಸಿದರು. ಕೈ ತೊಳೆಯಲು ಎದ್ದವರು ಬರಲಿಲ್ಲ. ನಾನು ಹೋಗಿ ನೋಡಿದರೆ ಫ್ಯಾನಿನ ನಡುವಿನ ಚೀಟಿ ಬಿಡಿಸಿ, ಸೂಜಿಯ ತುದಿಯಲ್ಲಿ ಒಂದು ಹನಿ ಎಣ್ಣೆ ಬಿಡುತ್ತಿದ್ದರು. ನನ್ನನ್ನು ನೋಡಿ ಕದ್ದು ಬೆಲ್ಲ ತಿಂದವರಂತೆ ಮುಖ ಮಾಡಿದರು.

ವಾರ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಕಟಿಂಗಿನವನು ಗುಂಡಿ ಒತ್ತಿದರೆ ಪರದೆ ಕಪ್ಪಗಿತ್ತು. ಪೆಟ್ಟಿಗೆಯೊಳಗಿಂದ ಉದ್ದುದ್ದ ಬೀಪ್, ಬೀಪ್. ಎಲ್ಲರೂ ಉಜ್ಜಣ್ಣನನ್ನು ಕೂಗಿದರು. ನಾನೂ ಓಡಿದೆ. ಅವರು ಬಂದು ಮುಚ್ಚಳ ಬಿಚ್ಚಿದರು, ನಾನು ಟಾರ್ಚು ಹಿಡಿದೆ. ಕೂಗುತ್ತಿತ್ತು. ಕೂಗಿದರೆ ಬದುಕಿದೆ ಎಂದು ಅರ್ಥ. ಒಂದು ರಬ್ಬರಿನ ಚೂರು, ಎರಡು ನಿಮಿಷದ ಕೆಲಸ. ಅದು ನನಗೂ ಗೊತ್ತಿತ್ತು.

ಭಾವ ಒಳಗೆ ಕೈಹಾಕಿದರು. ರ್ಯಾಮಿನ ಹತ್ತಿರ ಹೋಗಲಿಲ್ಲ. ಮೂಲೆಯಲ್ಲಿದ್ದ ಪುಟ್ಟ ಸ್ಪೀಕರಿನ ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಕೂಗು ನಿಂತಿತು.

ಯಜಮಾನರು ಬಂದು ಹಿಂದೆ ನಿಂತಿದ್ದರು. “ಏನಾಯ್ತು ಉಜ್ಜಣ್ಣ?”

“ಹೋಯ್ತು ಸಾರ್,” ಎಂದರು ಭಾವ, ಪೆಟ್ಟಿಗೆಯೊಳಕ್ಕೇ ನೋಡುತ್ತ. “ಬೋರ್ಡೇ ಹೋಗಿದೆ.”

“ಕೋಣೆಯಲ್ಲಿ ಅಷ್ಟೊಂದು ಇವೆಯಲ್ಲ?”

“ಅವೂ ಹಳೇವು ಸಾರ್. ಹಾಕಿದ್ರೂ ನಿಲ್ಲಲ್ಲ. ಇನ್ನು ಹೊಸ ಮಿಷನ್ನೇ.”

ಯಜಮಾನರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಉಜ್ಜಣ್ಣ ಸತ್ತಿದೆ ಎಂದರೆ ಸತ್ತಿದೆ. ಅವರು ಮೂಗಿನ ಮೇಲಿನ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. “ಆಯ್ತು. ಎಲ್ಲದಕ್ಕೂ ಒಂದು ಕಾಲ,” ಎಂದು ಕೆಲಸದವರಿಗೆಲ್ಲ ಮನೆಗೆ ಹೋಗಲು ಹೇಳಿದರು. ಹೆಂಗಸರು ಬುತ್ತಿ ಚೀಲ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತ ಹೊರಟರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಭಾವನಿಂದಂತೂ ಆಗಲೇ ಇಲ್ಲ, ಅವರು ಕೋಣೆಗೆ ನುಗ್ಗಿ ಬಟ್ಟೆ ತುಂಬುತ್ತಿದ್ದರು.

ಚೀಲಕ್ಕೆ ಜಿಪ್ಪು ಎಳೆದು ಅವರೇ ಅಕ್ಕನಿಗೆ ಫೋನ್ ಮಾಡಿದರು. “ಬರ್ತೀನಿ” ಎಂದರು. ಅಕ್ಕ ನಂಬಲಿಲ್ಲವೆಂದು ಕಾಣುತ್ತದೆ. “ನಿಜವಾಗ್ಲೂ. ಮಿಷನ್ನು ಹೋಯ್ತು. ಚೀಲ ಕೈಯಲ್ಲಿದೆ” ಎಂದರು. ಆಮೇಲೆ ಅಕ್ಕನ ನಗು ಫೋನಿನಿಂದ ಹೊರಗೆ ನನಗೂ ಕೇಳಿಸಿತು. ಎಷ್ಟು ವರ್ಷವಾಗಿತ್ತು ಆ ನಗು ಕೇಳಿ. ಭಾವ ನನ್ನ ಕಡೆ ತಿರುಗಿ, “ಅವಳು ಅಳ್ತಿದ್ದಾಳೋ ನಗ್ತಿದ್ದಾಳೋ ಗೊತ್ತಾಗ್ತಿಲ್ಲ ಕಣಮ್ಮ,” ಎಂದರು. ಅವರ ಕಣ್ಣೂ ತುಂಬಿತ್ತು.

ನಾವಿಬ್ಬರೂ ಗೇಟಿನ ಹತ್ತಿರ ಆಟೋಗೆ ಕಾಯುತ್ತಿದ್ದೆವು. ಆಗ ಹಿಂದಿನಿಂದ ಧಡ್ ಎಂದು ಸದ್ದಾಯಿತು. ಆಮೇಲೆ ಇನ್ನೊಂದು. ಆಮೇಲೆ ಒಂದೇ ತಾಳದಲ್ಲಿ ಧಡ್, ಧಡ್, ಧಡ್. ದಿನವೂ ಕೇಳುವ ಸದ್ದು. ಭಾವನ ಕೈಯಿಂದ ಚೀಲ ಜಾರಿ ಕಾಲ ಮೇಲೆ ಬಿತ್ತು.

ಯಜಮಾನರು ಶೆಡ್ಡಿನಿಂದ ಓಡಿ ಬಂದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೆರಳೆಲ್ಲ ಕಪ್ಪು, ಕೈಯಲ್ಲಿ ಒಂದು ರಬ್ಬರಿನ ತುಂಡು.

“ಉಜ್ಜಣ್ಣ! ಉಜ್ಜಿದೆ! ನಾನೇ ಉಜ್ಜಿದೆ! ಸುಮ್ನೆ ಅದರ ಮುಂದೆ ಕೂತಿದ್ದೆ, ಎಷ್ಟು ವರ್ಷದ ಸಂಗಾತಿ ಅಂತ. ನೀವು ಫೋನಲ್ಲಿ ದಿನಾ ಹೇಳೋದು ನೆನಪಾಯ್ತು. ಕೊಕ್ಕೆ ಸರಿಸಿ, ತೆಗೆದು, ಉಜ್ಜಿ, ಕಟ್ ಅನ್ನೋ ಹಾಗೆ ಒತ್ತಿದೆ. ಬಂದೇಬಿಡ್ತು!” ಅವರು ಮಗುವಿನಂತೆ ಕೈ ಚಾಚಿ ತೋರಿಸಿದರು. “ನಿಮ್ಮದೇ ವಿದ್ಯೆ ಸ್ವಾಮಿ. ನಿಮಗೂ ಒಂದೊಂದ್ಸಲ ಮರೆಯತ್ತೆ ನೋಡಿ.”

ಅವರಿಗೆ ಒಂದಿಷ್ಟೂ ಅನುಮಾನ ಬಂದಿರಲಿಲ್ಲ. ನನಗೆ ಆಗ ಉಕ್ಕಿದ್ದು ಸಿಟ್ಟೋ ಸಂಕಟವೋ, ತಡೆಯಲಾಗಲಿಲ್ಲ.

“ಮರೆತಿಲ್ಲ ಸಾರ್. ಬೇಕಂತಲೇ ಉಜ್ಜಲಿಲ್ಲ. ಕೂಗೋದು ಕೇಳಬಾರದು ಅಂತ ವೈರ್ ಕಿತ್ತಿದ್ದೂ ಅವರೇ. ನಮ್ಮಕ್ಕ ಅಲ್ಲಿ ಒಬ್ಬಳೇ ಇದ್ದಾಳೆ, ಅವಳ ಹತ್ರ ಹೋಗ್ಬೇಕು, ನಿಮ್ಮ ಹತ್ರ ಕೇಳೋಕೆ ಬಾಯಿ ಬರಲ್ಲ, ಅದಕ್ಕೆ.”

ಯಜಮಾನರ ಮುಖದ ನಗು ಇಳಿಯಿತು. ರಬ್ಬರನ್ನು ಜೇಬಿಗೆ ಹಾಕಿಕೊಂಡು ಭಾವನನ್ನೇ ನೋಡಿದರು. ಗದರಲಿಲ್ಲ. “ಹೌದಾ ಉಜ್ಜಣ್ಣ? ಹೌದು ಅಂದ್ರೆ ಹೌದು ಅನ್ನಿ. ನಾನು ಏನೂ ಅನ್ನಲ್ಲ. ಇದೇ ಆಟೋದಲ್ಲಿ ಹೊರಡಿ. ಉಜ್ಜೋಕಂತೂ ಕಲಿತಿದ್ದೀನಿ, ಮಿಕ್ಕಿದ್ದು ಹೆಂಗೋ ಆಗತ್ತೆ.”

ಆಟೋ ಆಗಲೇ ಬಂದು ನಿಂತಿತ್ತು. ಹೌದು ಎನ್ನುವ ಎರಡಕ್ಷರ. ನಾನು ಮನಸ್ಸಿನಲ್ಲೇ ಅನ್ನಿ ಭಾವ, ಅನ್ನಿ ಎಂದು ಹಲ್ಲು ಕಚ್ಚಿ ಕಾಯುತ್ತಿದ್ದೆ. ಅವರು ಯಜಮಾನರ ಕಪ್ಪು ಬೆರಳುಗಳನ್ನು ನೋಡಿದರು. ಸದ್ದು ಕೇಳಿ ರಸ್ತೆಯ ತಿರುವಿನಿಂದ ವಾಪಸು ಬರುತ್ತಿದ್ದ ಹೆಂಗಸರನ್ನು ನೋಡಿದರು.

“ಇಲ್ಲ ಸಾರ್,” ಎಂದರು. “ಇವಳು ಅಕ್ಕನ ಮೇಲಿನ ಆಸೆಗೆ ಏನೇನೋ ಅಂತಾಳೆ. ನಾನು ಮರೆತೆ. ವಯಸ್ಸಾಯ್ತು ನೋಡಿ.”

ಜೀವ ಇರುವುದನ್ನು ಸತ್ತಿದೆ ಎಂದೆ ಎಂದು ಒಪ್ಪಿಕೊಳ್ಳಲು ಅವರಿಂದಾಗಲಿಲ್ಲ. ಅದನ್ನು ಒಪ್ಪಿಕೊಂಡರೆ ಅಂಗಡಿ ಮುಳುಗಿಸಿ ಉಳಿಸಿಕೊಂಡ ಆ ಒಂದು ಆಸ್ತಿಯೂ ಹೋಗುತ್ತದೆ. ಕೆಲಸ ಮರೆತವನು ಎನಿಸಿಕೊಂಡರೂ ಸರಿ, ಸುಳ್ಳ ಎನಿಸಿಕೊಳ್ಳಬಾರದು. ಅದಕ್ಕೆ ಇನ್ನೊಂದು ಸುಳ್ಳು. ಮೊದಲನೆಯದನ್ನು ನನ್ನಕ್ಕನಿಗಾಗಿ ಹೇಳಿದರು, ನಾನು ಜನ್ಮಪೂರ್ತಿ ಅದಕ್ಕೆ ಕೈ ಮುಗಿಯುತ್ತೇನೆ. ಎರಡನೆಯದನ್ನು ನಾನು ಕ್ಷಮಿಸಿಲ್ಲ.

ಯಜಮಾನರು ನಂಬಿದರು. ಅವರಿಗೆ ನಂಬುವುದೇ ಬೇಕಿತ್ತೇನೋ. ಭಾವನ ಹೆಗಲ ಮೇಲೆ ಕೈಹಾಕಿ, “ಬನ್ನಿ, ಎಷ್ಟು ಚೆನ್ನಾಗಿ ಕೂರಿಸಿದ್ದೀನಿ ಒಂದ್ಸಲ ನೋಡ್ಬಿಡಿ,” ಎಂದು ಒಳಗೆ ಕರೆದುಕೊಂಡು ಹೋದರು. ಭಾವ ತಿರುಗಿ ನೋಡಲಿಲ್ಲ. ಚೀಲ ಗೇಟಿನ ಹತ್ತಿರವೇ ಬಿದ್ದಿತ್ತು. ಆಟೋದವನು ಬರ್ತೀರೋ ಇಲ್ವೋ ಎಂದು ಗೊಣಗಿ ಹೊರಟುಹೋದ.

ಅಕ್ಕನಿಗೆ ಹೇಳುವ ಕೆಲಸ ನನ್ನ ತಲೆಗೇ ಬಂತು, ಫೋನ್ ಮಾಡುವ ಧೈರ್ಯ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅವಳು ಒಂದೇ ರಿಂಗಿಗೆ ಎತ್ತಿದಳು. “ಬಸ್ ಹತ್ತಿದ್ರೇನೇ?” ಎಂದಳು. ನನ್ನ ಬೆನ್ನ ಹಿಂದೆ ಮಿಷನ್ನು ಧಡ್ ಧಡ್ ಎಂದು ರಟ್ಟು ಕತ್ತರಿಸುತ್ತಲೇ ಇತ್ತು.

“ಕೇಳಿಸ್ತಿದೆ ಬಿಡು,” ಎಂದಳು ಅಕ್ಕ. “ಫೋನ್ ಬಂದ ತಕ್ಷಣ ರಜೆ ಹಾಕಿ ಕ್ವಾರ್ಟರ್ಸಿಗೆ ಬಂದು ಎರಡೂ ಕೋಣೆ ಗುಡಿಸಿ ಒರೆಸಿದ್ದೆ. ಪರವಾಗಿಲ್ಲ ಕಣೇ, ಮುಂದೆ ಬರೋರಿಗೆ ಮನೆ ಕ್ಲೀನಾಗಿರತ್ತೆ.”